ಕೂಗನ್ನು ಕೇಳುವವರಾರು?

ಕಾವಲುಗಾರನೊಬ್ಬನು ನಡುರಾತ್ರಿಯಲ್ಲಿ ಕಳ್ಳನನ್ನು ಕಂಡು ಕೂಗಿದನೆನ್ನಿ. ಊರಿನವರೆಲ್ಲ ಜಾತ್ರೆಗೆ ಹೋಗಿದ್ದರೆ ಆ ಕೂಗಿನಿಂದ ಪ್ರಯೋಜನವೇನು? ಕಂಪ್ಯೂಟರು ತನ್ನೊಳಗಿನ ದೋಷವನ್ನು ತಾನೇ ಕಂಡುಹಿಡಿದು ಮನುಷ್ಯನಿಗೆ ತಿಳಿಸುವ ವಿದ್ಯೆಯ ಚರಿತ್ರೆಯಲ್ಲಿಯೂ ಇಂಥ ಕೇಳುವವರಿಲ್ಲದ ಕೂಗೊಂದುಂಟು.

1940ರ ದಶಕದ ಕೊನೆಯ ಮಾತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಿಲೇಗಳಿಂದ ನಡೆಯುವ ಲೆಕ್ಕದ ಯಂತ್ರವೊಂದಿತ್ತು. ರಿಲೇ ಎಂದರೆ ವಿದ್ಯುತ್ತು ಹರಿದಾಗ ಟಕ್ಕೆಂದು ಮುಚ್ಚಿಕೊಳ್ಳುವ ಸ್ವಿಚ್ಚು. ಅದರ ಬಾಯಿಗೆ ಧೂಳಿನ ಕಣವೊಂದು ಸಿಕ್ಕಿದರೂ ಲೆಕ್ಕ ಕೆಟ್ಟಂತೆಯೆ. ಆದುದರಿಂದ ಯಂತ್ರವನ್ನು ಕಟ್ಟಿದವರು ಒಂದು ಉಪಾಯ ಮಾಡಿದ್ದರು. ಪ್ರತಿಯೊಂದು ಅಂಕೆಗೂ ಒಂದು ಗುಂಪು ರಿಲೇ. ಗುಂಪಿನಲ್ಲಿ ಎರಡು ಮಾತ್ರ ಮುಚ್ಚಿರತಕ್ಕದ್ದು. ಒಂದೇ ಮುಚ್ಚಿದ್ದರೂ, ಮೂರು ಮುಚ್ಚಿದ್ದರೂ ದೋಷವೆಂದು ಅರ್ಥ. ಆಗ ಯಂತ್ರ ನಿಂತು ದೀಪ ಮಿನುಗಿಸುತ್ತಿತ್ತು. ನೋಡಿಕೊಳ್ಳುವವರು ಬಂದು ಸರಿಪಡಿಸುತ್ತಿದ್ದರು.

ಆದರೆ ವಾರದ ರಜೆಯಲ್ಲಿ ಅಲ್ಲಿ ಯಾರೂ ಇರುತ್ತಿರಲಿಲ್ಲ. ದೋಷ ಕಂಡರೆ ಯಂತ್ರ ಆ ಲೆಕ್ಕವನ್ನು ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ತೊಡಗುತ್ತಿತ್ತು. ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರಿಗೆ ಯಂತ್ರ ದೊರೆಯುತ್ತಿದ್ದುದು ಆ ರಜೆಯಲ್ಲಿಯೇ. ಸತತವಾಗಿ ಎರಡು ವಾರ ಬಂದು ನೋಡಿದರೆ ಅವರ ಕೆಲಸ ನಡೆದೇ ಇಲ್ಲ! ದೋಷವಿದೆಯೆಂದು ಅರಿಯಬಲ್ಲ ಯಂತ್ರ, ಅದು ಎಲ್ಲಿದೆಯೆಂದು ಹುಡುಕಿ ತಾನೇ ಏಕೆ ತಿದ್ದಿಕೊಳ್ಳಬಾರದು ಎಂಬ ಪ್ರಶ್ನೆ ಅವರನ್ನು ಕಾಡಿತು.

ಅವರು ಕಂಡುಕೊಂಡ ಉತ್ತರ 1950ರಲ್ಲಿ ಪ್ರಕಟವಾಯಿತು. ಕಂಪ್ಯೂಟರಿನ ಭಾಷೆಯಲ್ಲಿ ಇರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಕ್ಷರ; ಅವಕ್ಕೆ ಬಿಟ್ ಎಂದು ಹೆಸರು. ನಾಲ್ಕು ಬಿಟ್‌ಗಳಿಗೆ ಮೂರು ಕಾವಲು ಬಿಟ್‌ಗಳನ್ನು ಸೇರಿಸುವುದು. ಒಂದೊಂದು ಕಾವಲೂ ಬೇರೆ ಬೇರೆ ಗುಂಪನ್ನು ಪರೀಕ್ಷಿಸುವುದು. ಏಳರಲ್ಲಿ ಒಂದು ಕೆಟ್ಟರೆ, ಯಾವ ಯಾವ ಕಾವಲುಗಳು ದೂರು ಕೊಟ್ಟವೆಂಬುದರಿಂದಲೇ ಕೆಟ್ಟ ಸ್ಥಾನ ತಿಳಿಯುತ್ತದೆ. ಅಲ್ಲಿ ಸೊನ್ನೆಯಿದ್ದರೆ ಒಂದು ಮಾಡಿದರಾಯಿತು, ಒಂದಿದ್ದರೆ ಸೊನ್ನೆ.

ಹಾಗಾದರೆ ಮನುಷ್ಯನನ್ನು ಕೂಗುವ ಅಗತ್ಯ ತೀರಿತೆ? ಇಲ್ಲ. ಬ್ಯಾಂಕು, ಆಸ್ಪತ್ರೆಗಳ ಕೆಲಸ ನಡೆಸುವ ಇಂದಿನ ಸರ್ವರ್‌ಗಳ ಮೆಮೊರಿಯಲ್ಲಿ 64 ಬಿಟ್‌ಗಳಿಗೆ 8 ಕಾವಲು ಬಿಟ್‌ಗಳಿರುವುದು ವಾಡಿಕೆ. ಒಂದು ಕೆಟ್ಟರೆ ತಿದ್ದಿಕೊಳ್ಳುತ್ತದೆ. ಎರಡು ಕೆಟ್ಟರೆ ಕೆಟ್ಟಿತೆಂದಷ್ಟೇ ಹೇಳಬಲ್ಲದು. ಸದ್ದಿಲ್ಲದೆ ತಿದ್ದುತ್ತಲೇ ಹೋಗುವುದು, ಸೋರುವ ಕಡೆ ಪಾತ್ರೆಯಿಟ್ಟು ಒಡೆದ ಹೆಂಚನ್ನು ಮರೆತಂತೆ. ಆದುದರಿಂದ ತಿದ್ದಿದ್ದಕ್ಕೂ ಲೆಕ್ಕವಿಟ್ಟು, ಒಂದೇ ಕಡೆ ತಿದ್ದುವುದು ಹೆಚ್ಚಿದರೆ ಉಸ್ತುವಾರಿಯವರಿಗೆ ಸುದ್ದಿ ಮುಟ್ಟಿಸುವ ಏರ್ಪಾಡು ಬಂದಿತು.

1998ರಲ್ಲಿ ಇಂಟೆಲ್, ಡೆಲ್, ಹ್ಯೂಲೆಟ್-ಪ್ಯಾಕರ್ಡ್, ಎನ್‌ಇಸಿ ಕಂಪನಿಗಳು ಸೇರಿ ಇಂಥ ನಿಗಾವಣೆಗೆ ಒಂದು ಸಾಮಾನ್ಯ ಕ್ರಮವನ್ನು ಗೊತ್ತುಮಾಡಿದವು. ಅದರಂತೆ ಸರ್ವರಿನೊಳಗೆ ಬೇರೊಂದು ಪುಟ್ಟ ಕಂಪ್ಯೂಟರು ಕುಳಿತಿರುತ್ತದೆ. ದೊಡ್ಡದು ಮಲಗಿದರೂ ಇದು ಎಚ್ಚರ. ಶಾಖ, ಫ್ಯಾನಿನ ವೇಗ, ವೋಲ್ಟೇಜು ಮಿತಿ ತಪ್ಪಿದರೆ ದೂರದಲ್ಲಿರುವವರಿಗೂ ತಿಳಿಸುತ್ತದೆ.

ಅಂದು ರಜೆಯಲ್ಲಿ ದೊರೆಯದಿದ್ದ ಕಿವಿ ಈಗ ಯಂತ್ರಕ್ಕೆ ದೊರೆತಿದೆ. ಆದರೆ ತೋಳ ಬಂತೆಂದು ಸುಮ್ಮಸುಮ್ಮನೆ ಕೂಗಿದ ಹುಡುಗನ ಕಥೆ ನಮಗೆ ಗೊತ್ತಷ್ಟೆ. ಸಣ್ಣದಕ್ಕೆಲ್ಲ ಕೂಗು ಬಂದರೆ ಕೇಳುವವನೇ ಕಿವುಡನಾಗುತ್ತಾನೆ. ಯಾವುದಕ್ಕೆ ಕೂಗಬೇಕು, ಯಾವುದಕ್ಕೆ ಬೇಡ ಎಂದು ಮಿತಿ ಹಾಕುವ ಹೊಣೆ ಇಂದಿಗೂ ಮನುಷ್ಯನದೇ.