ಕೇಳದೆ ತೆರೆಯುವ ಬಾಗಿಲು

‘ಡಿಫಾಲ್ಟ್’ ಎಂಬ ಇಂಗ್ಲಿಷ್ ಮಾತು ನಮ್ಮ ಓದುಗರಿಗೆ ಹೊಸದಲ್ಲ. ಬ್ಯಾಂಕಿನ ಸಾಲದ ಕಂತು ಕಟ್ಟದವನನ್ನು ಡಿಫಾಲ್ಟರ್ ಎನ್ನುತ್ತಾರೆ. ಸಹಕಾರ ಸಂಘದ ಕಡತದಲ್ಲಿ ಅವನೇ ಸುಸ್ತಿದಾರ. ಹಳೆಯ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಈ ಪದಕ್ಕೆ ಮೂಲದಲ್ಲಿ ಕೊರತೆ, ಲೋಪ ಎಂಬ ಅರ್ಥ. ಪ್ರತಿವಾದಿ ನ್ಯಾಯಾಲಯಕ್ಕೆ ಹಾಜರಾಗದಿದ್ದರೆ ಅವನ ಗೈರುಹಾಜರಿಯಲ್ಲೇ ಕೊಡುವ ತೀರ್ಪಿಗೂ ಇದೇ ಹೆಸರು. ಗಣಕಯಂತ್ರಗಳು ಬಂದ ಮೇಲೆ ಪದದ ಅರ್ಥ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬಳಸುವವನು ಏನನ್ನೂ ಆರಿಸದೆ ಸುಮ್ಮನಿದ್ದಾಗ ಯಂತ್ರ ತಾನಾಗಿ ಯಾವುದನ್ನು ಹಿಡಿಯುತ್ತದೆಯೋ ಅದು ಡಿಫಾಲ್ಟ್. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ಯಂತ್ರಕ್ಕೆ ಕಲಿಸಿಟ್ಟಂತೆ.

ಈ ಮೌನಕ್ಕೆ ಎಷ್ಟು ಬೆಲೆ? ಅಮೆರಿಕದ ನ್ಯಾಯಾಲಯದಲ್ಲಿ ಹೊರಬಿದ್ದ ಲೆಕ್ಕದಂತೆ, ತನ್ನ ಶೋಧಯಂತ್ರವನ್ನು ಬೇರೆಯವರ ಬ್ರೌಸರು ಮತ್ತು ಫೋನುಗಳಲ್ಲಿ ಡಿಫಾಲ್ಟ್ ಆಗಿ ಇರಿಸಲು ಗೂಗಲ್ ಸಂಸ್ಥೆ 2021ರ ಒಂದೇ ವರ್ಷದಲ್ಲಿ ಕೊಟ್ಟದ್ದು 2,630 ಕೋಟಿ ಡಾಲರ್. ಜನ ತಾವಾಗಿ ಬೇರೆಯದನ್ನು ಆರಿಸಿಕೊಳ್ಳುತ್ತಾರೆ ಎಂಬ ನಂಬಿಕೆ ಇದ್ದಿದ್ದರೆ ಯಾವ ವ್ಯಾಪಾರಿಯೂ ಇಷ್ಟು ಹಣ ಸುರಿಯುತ್ತಿರಲಿಲ್ಲ.

ಇದರ ಹಿಂದಿರುವ ಕಥೆ ಮೂವತ್ತು ವರ್ಷ ಹಳೆಯದು. ಅಂತರ್ಜಾಲದ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶವೇ ಬ್ರೌಸರ್. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕೇಂದ್ರವೊಂದರಲ್ಲಿ ರೂಪುಗೊಂಡ ‘ಮೊಸಾಯಿಕ್’, ಚಿತ್ರ ಮತ್ತು ಬರಹವನ್ನು ಒಂದೇ ಪುಟದಲ್ಲಿ ತೋರಿಸಿ ಜನರ ಕಣ್ಣು ತೆರೆಸಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಮಾರ್ಕ್ ಆಂಡ್ರೀಸನ್, ಜಿಮ್ ಕ್ಲಾರ್ಕ್ ಜತೆಗೂಡಿ 1994ರಲ್ಲಿ ಹುಟ್ಟುಹಾಕಿದ ಕಂಪನಿ ನೆಟ್‌ಸ್ಕೇಪ್. 1995ರ ಆಗಸ್ಟ್ ತಿಂಗಳು ಈ ಇತಿಹಾಸದಲ್ಲಿ ನೆನಪಿಡಬೇಕಾದದ್ದು. ಆ ತಿಂಗಳು ನೆಟ್‌ಸ್ಕೇಪ್ ಷೇರು ಮಾರುಕಟ್ಟೆಗೆ ಬಂತು. ಮೈಕ್ರೋಸಾಫ್ಟ್ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಹೊರತಂದಿತು. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮ ಆಗಸ್ಟ್ 15ರಂದು ಅಂತರ್ಜಾಲವನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು.

ಮುಂದೆ ನಡೆದದ್ದು ಗುಣದ ಪೈಪೋಟಿ ಮಾತ್ರವಲ್ಲ, ಜಾಗದ ಪೈಪೋಟಿ ಕೂಡ. ಎಕ್ಸ್‌ಪ್ಲೋರರ್ ಬೇಕೆಂದು ಯಾರೂ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ವಿಂಡೋಸ್ ಇರುವ ಗಣಕ ಕೊಂಡರೆ ಅದು ಅಲ್ಲೇ ಕುಳಿತಿರುತ್ತಿತ್ತು, ಅದೂ ಬಿಟ್ಟಿಯಾಗಿ. ಅದರ ಚಿಹ್ನೆಯನ್ನು ಪರದೆಯಿಂದ ತೆಗೆಯಬಾರದು ಎಂದು ಗಣಕ ತಯಾರಕರಿಗೆ ಮೈಕ್ರೋಸಾಫ್ಟ್ ಷರತ್ತು ಹಾಕಿತ್ತು. 1998ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಮತ್ತು ಹಲವು ರಾಜ್ಯಗಳು ಮೊಕದ್ದಮೆ ಹೂಡಿದವು. ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ 2000ದ ಜೂನ್‌ನಲ್ಲಿ ಕಂಪನಿಯನ್ನು ಎರಡು ಹೋಳು ಮಾಡಬೇಕೆಂದು ಆದೇಶಿಸಿದರು. 2001ರಲ್ಲಿ ಮೇಲ್ಮನವಿ ನ್ಯಾಯಾಲಯ ಹೋಳು ಮಾಡುವ ಆದೇಶವನ್ನು ರದ್ದುಪಡಿಸಿತಾದರೂ, ಕಂಪನಿ ಕಾನೂನು ಮೀರಿ ತನ್ನ ಏಕಸ್ವಾಮ್ಯ ಉಳಿಸಿಕೊಂಡಿತೆಂಬ ಮಾತನ್ನು ಎತ್ತಿಹಿಡಿಯಿತು. ತೀರ್ಪು ಬರುವ ಹೊತ್ತಿಗೆ ನೆಟ್‌ಸ್ಕೇಪ್ ಬೇರೆ ಕಂಪನಿಯ ಪಾಲಾಗಿತ್ತು. ನ್ಯಾಯ ಸಿಕ್ಕಿತು, ಆದರೆ ಸಿಗಬೇಕಾದವನು ಅಂಗಳದಲ್ಲಿ ಇರಲಿಲ್ಲ.

ಇದೇ ಕಥೆ ಅಂಗೈ ಅಗಲದ ಫೋನಿನಲ್ಲಿ ಮರುಕಳಿಸಿತು. 2007ರಲ್ಲಿ ಬಂದ ಐಫೋನಿನಲ್ಲಿ ಇದ್ದದ್ದು ಆಪಲ್ ಕಂಪನಿಯದೇ ಆದ ‘ಸಫಾರಿ’. ಮುಂದೆ 2012ರಲ್ಲಿ ಗೂಗಲ್‌ನ ‘ಕ್ರೋಮ್’ ಕೂಡ ಐಫೋನಿಗೆ ಬಂತು. ಆದರೆ ಸಂದೇಶದಲ್ಲಿ ಬಂದ ಕೊಂಡಿಯೊಂದನ್ನು ಒತ್ತಿದರೆ ತೆರೆದುಕೊಳ್ಳುತ್ತಿದ್ದುದು ಸಫಾರಿಯೇ. ಅತಿಥಿಯನ್ನು ಮನೆಯೊಳಗೆ ಬಿಟ್ಟುಕೊಂಡರೂ ಮುಂಬಾಗಿಲ ಕೀಲಿಕೈ ಕೊಡಲಿಲ್ಲ ಎಂಬಂತಿತ್ತು ಸ್ಥಿತಿ. ಹದಿಮೂರು ವರ್ಷಗಳ ನಂತರ, 2020ರ ಸೆಪ್ಟೆಂಬರ್ 16ರಂದು ಹೊರಬಂದ ಐಓಎಸ್ 14ರಲ್ಲಿ ಬ್ರೌಸರನ್ನು ಬದಲಿಸುವ ಅವಕಾಶ ಮೊದಲ ಬಾರಿಗೆ ದೊರೆಯಿತು. ಅದರಲ್ಲೂ ಒಂದು ಎಡವಟ್ಟು. ಫೋನನ್ನು ಆರಿಸಿ ಮತ್ತೆ ಹಚ್ಚಿದರೆ ಬಳಕೆದಾರ ಮಾಡಿದ ಆಯ್ಕೆ ಅಳಿಸಿಹೋಗಿ ಸಫಾರಿ ಪುನಃ ಪೀಠವೇರುತ್ತಿತ್ತು! ಎಂಟು ದಿನಗಳಲ್ಲಿ ಈ ದೋಷ ಸರಿಪಡಿಸಲಾಯಿತು.

ಒಂದು ಆ್ಯಪ್ ‘ನಾನೂ ಬ್ರೌಸರ್, ನನ್ನನ್ನೂ ಆರಿಸಿಕೊಳ್ಳಬಹುದು’ ಎಂದು ಹೇಳಿಕೊಳ್ಳುವುದು ಹೇಗೆ? ಆಂಡ್ರಾಯ್ಡ್ ಪದ್ಧತಿಯಲ್ಲಿ ಪ್ರತಿ ಆ್ಯಪಿನ ಜತೆಗೂ ಒಂದು ವಿವರಪಟ್ಟಿ ಇರುತ್ತದೆ. ಜಾಲವಿಳಾಸಗಳ ಆರಂಭದಲ್ಲಿ ಕಾಣುವ ‘ಎಚ್‌ಟಿಟಿಪಿ’, ‘ಎಚ್‌ಟಿಟಿಪಿಎಸ್’ ಎಂಬ ಗುರುತಿನ ಯಾವುದೇ ಕೊಂಡಿಯನ್ನು ತಾನು ತೆರೆಯಬಲ್ಲೆ ಎಂದು ಆ ಪಟ್ಟಿಯಲ್ಲಿ ಬರೆದಿದ್ದರೆ ಫೋನು ಅದನ್ನು ಉಮೇದುವಾರನೆಂದು ನೋಂದಾಯಿಸಿಕೊಳ್ಳುತ್ತದೆ. 2019ರ ಆಂಡ್ರಾಯ್ಡ್ 10ರಿಂದ ಬ್ರೌಸರ್ ಎಂಬುದು ಒಂದು ಹುದ್ದೆಯಂತಾಯಿತು. ಉಮೇದುವಾರರು ಎಷ್ಟೇ ಇರಲಿ, ಹುದ್ದೆಯಲ್ಲಿ ಒಂದು ಸಲಕ್ಕೆ ಒಬ್ಬನೇ.

ಆಪಲ್ ಪದ್ಧತಿ ಇದಕ್ಕಿಂತ ಬಿಗಿ. ಆ್ಯಪ್ ತಯಾರಿಸಿದವರು ಕಂಪನಿಗೆ ಅರ್ಜಿ ಹಾಕಿ ಪರವಾನಗಿ ಪಡೆಯಬೇಕು. ಆ್ಯಪ್ ತೆರೆದೊಡನೆ ವಿಳಾಸ ಬರೆಯುವ ಜಾಗ, ಹುಡುಕುವ ಸಾಧನ ಅಥವಾ ಆಯ್ದ ತಾಣಗಳ ಪಟ್ಟಿ ಕಾಣಬೇಕು. ಒತ್ತಿದ ಕೊಂಡಿ ಯಾವ ಪುಟದ್ದೋ ನೇರವಾಗಿ ಅಲ್ಲಿಗೇ ಕರೆದೊಯ್ಯಬೇಕು. ನಡುದಾರಿಯಲ್ಲಿ ಬೇರೆ ಅಂಗಡಿಗೆ ತಿರುಗಿಸಕೂಡದು. ಆರೋಗ್ಯದ ದಾಖಲೆಯಂಥ, ಬ್ರೌಸರಿಗೆ ಸಂಬಂಧವಿಲ್ಲದ ಮಾಹಿತಿಗೆ ಕೈ ಚಾಚಬಾರದು.

ಈ ಷರತ್ತುಗಳು ಅತಿಯೆನಿಸಬಹುದು. ಆದರೆ ಇಲ್ಲಿ ಪಣಕ್ಕಿರುವುದು ಸಣ್ಣದಲ್ಲ. ಪಹಣಿ ನೋಡುವುದಿರಲಿ, ಮಕ್ಕಳ ಫಲಿತಾಂಶ ಹುಡುಕುವುದಿರಲಿ, ಬ್ಯಾಂಕಿನ ಖಾತೆ ತೆರೆಯುವುದಿರಲಿ, ಬ್ರೌಸರಿನ ಮೂಲಕ ಮಾಡಿದರೆ ನಾವು ಎಲ್ಲಿಗೆ ಹೋದೆವು, ಯಾವಾಗ ಹೋದೆವು ಎಂಬುದೆಲ್ಲ ಅದರ ಕಣ್ಣಮುಂದೆಯೇ ನಡೆಯುತ್ತದೆ. ನಂಬಿಕಸ್ತನಲ್ಲದವನನ್ನು ಬಾಗಿಲಲ್ಲಿ ನಿಲ್ಲಿಸಿದರೆ ಬಂದುಹೋದವರ ಲೆಕ್ಕವೆಲ್ಲ ಅವನ ಕೈಯಲ್ಲಿ. ಭಾರತದಲ್ಲಿ ಬಹಳ ಜನ ಬಳಸುತ್ತಿದ್ದ ಚೀನಾ ಮೂಲದ ‘ಯುಸಿ ಬ್ರೌಸರ್’ 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಒಂದಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ಆಯ್ಕೆಯ ಅವಕಾಶ ಇದ್ದರೆ ಸಾಕೆ, ಅಥವಾ ಆರಿಸಿಕೋ ಎಂದು ಎದುರಿಗೇ ಕೇಳಬೇಕೆ? ಯುರೋಪ್ ಒಕ್ಕೂಟ ಎರಡನೆಯ ದಾರಿ ಹಿಡಿಯಿತು. 2010ರಿಂದ ಅಲ್ಲಿನ ವಿಂಡೋಸ್ ಗಣಕಗಳಲ್ಲಿ ಹಲವು ಬ್ರೌಸರುಗಳ ಹೆಸರಿರುವ ಆಯ್ಕೆಪರದೆ ಬಂತು. ಸ್ವಲ್ಪ ಕಾಲದ ನಂತರ ಬಂದ ವಿಂಡೋಸ್ ಆವೃತ್ತಿಯೊಂದರಲ್ಲಿ ಈ ಪರದೆ ಕಾಣೆಯಾಯಿತು. ತಾಂತ್ರಿಕ ದೋಷವೆಂದು ಮೈಕ್ರೋಸಾಫ್ಟ್ ಹೇಳಿತು. ಸುಮಾರು 1.5 ಕೋಟಿ ಜನಕ್ಕೆ ಆಯ್ಕೆ ತಪ್ಪಿತೆಂದು ಎಣಿಸಿದ ಯುರೋಪಿಯನ್ ಆಯೋಗ 2013ರಲ್ಲಿ 56.1 ಕೋಟಿ ಯೂರೋ ದಂಡ ವಿಧಿಸಿತು. ಮುಂದೆ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯಿದೆಯ ಕಟ್ಟುಪಾಡುಗಳು 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದಾಗ, ಐಫೋನಿನಲ್ಲಿ ಸಫಾರಿಯನ್ನು ಮೊದಲ ಸಲ ತೆರೆದವರಿಗೂ ಇಂಥದೇ ಪಟ್ಟಿ ಎದುರಾಯಿತು. ಅಲ್ಲಿಯವರೆಗೆ ಐಫೋನಿನ ಬ್ರೌಸರುಗಳೆಲ್ಲ ಹೆಸರಿಗೆ ಬೇರೆಯಾದರೂ ಒಳಗಿನ ಎಂಜಿನ್ ಆಪಲ್‌ನದೇ ಆಗಿರಬೇಕಿತ್ತು. ಯುರೋಪಿನ ಮಟ್ಟಿಗೆ ಆ ಕಟ್ಟೂ ಸಡಿಲಗೊಂಡಿತು.

ನಮ್ಮ ದೇಶದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಆಂಡ್ರಾಯ್ಡ್ ಫೋನುಗಳಲ್ಲಿ ತನ್ನ ಆ್ಯಪ್‌ಗಳನ್ನು ಗೊಂಚಲಾಗಿ ಮೊದಲೇ ತುಂಬಿಸುವ ಒಪ್ಪಂದಗಳೇ ಮುಖ್ಯ ಆಕ್ಷೇಪ. ಫೋನನ್ನು ಮೊದಲ ಬಾರಿ ಸಿದ್ಧಪಡಿಸುವಾಗ ಶೋಧಯಂತ್ರವನ್ನು ಆರಿಸಿಕೊಳ್ಳಲು ಬಿಡಬೇಕೆಂದೂ ಆಯೋಗ ಹೇಳಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟು ದಂಡವನ್ನು ಎತ್ತಿಹಿಡಿಯಿತು. ಅಮೆರಿಕದಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ, ಶೋಧದ ಕ್ಷೇತ್ರದಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಕಾಯ್ದುಕೊಂಡಿದೆ ಎಂದು ತೀರ್ಪಿತ್ತರು. 2025ರ ಸೆಪ್ಟೆಂಬರಿನ ಆದೇಶದಲ್ಲಿ ಕ್ರೋಮನ್ನು ಮಾರಬೇಕಿಲ್ಲವೆಂದರೂ, ಬೇರೆಯವರಿಗೆ ಜಾಗವಿಲ್ಲದಂತೆ ಮಾಡುವ ಒಪ್ಪಂದಗಳಿಗೆ ತಡೆ ಹಾಕಿದರು.

ಇಷ್ಟಾದ ಮೇಲೂ ಆಯ್ಕೆ ಪೂರ್ತಿ ನಮ್ಮ ಕೈಗೆ ಬಂತೆಂದು ಹೇಳುವಂತಿಲ್ಲ. ಕೆಲವು ಸಾಮಾಜಿಕ ಜಾಲತಾಣಗಳ ಆ್ಯಪ್‌ಗಳು ಕೊಂಡಿಯನ್ನು ಒತ್ತಿದಾಗ ನಾವು ಆರಿಸಿದ ಬ್ರೌಸರಿಗೆ ಒಪ್ಪಿಸದೆ ತಮ್ಮೊಳಗೇ ಇರುವ ಪುಟ್ಟ ಬ್ರೌಸರಿನಲ್ಲಿ ತೆರೆದು ತೋರಿಸುತ್ತವೆ. ಮುಂಬಾಗಿಲಿಗೆ ಕಾವಲು ಇಟ್ಟವನ ಮನೆಗೆ ಹಿತ್ತಿಲಿನಿಂದ ದಾರಿ.

ಕಾಯಿದೆ, ತೀರ್ಪು, ದಂಡ ಇವೆಲ್ಲ ಸೇರಿ ಮಾಡಬಲ್ಲದ್ದು ಪ್ರಶ್ನೆಯನ್ನು ನಮ್ಮೆದುರು ಇಡುವುದನ್ನು ಮಾತ್ರ. ಉತ್ತರಿಸಬೇಕಾದವರು ನಾವು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ರೌಸರ್ ಬದಲಿಸಲು ಬೇಕಾಗುವುದು ಒಂದೆರಡು ನಿಮಿಷ. ಎಲ್ಲವನ್ನೂ ನೋಡಿ, ಇರುವುದೇ ಇರಲಿ ಎಂದು ತೀರ್ಮಾನಿಸಿದರೂ ಅಡ್ಡಿಯಿಲ್ಲ; ಅದು ನಮ್ಮ ತೀರ್ಮಾನ. ಹಾಗೆ ನೋಡದೆ ಸುಮ್ಮನೆ ಬಿಟ್ಟದ್ದಕ್ಕೆ ಮಾತ್ರ ಪದದ ಹಳೆಯ ಅರ್ಥವೇ ಸರಿಹೊಂದುತ್ತದೆ. ಅಲ್ಲಿ ಸುಸ್ತಿದಾರರು ನಾವೇ.