ಮಾವನ ಮಳೆ ಪುಸ್ತಕ

ನಮ್ಮ ಮಾವ ತೀರ್ಕೊಂಡ ಮೇಲೆ ಅವರ ಟ್ರಂಕಿನಲ್ಲಿ ಸಿಕ್ಕಿದ್ದು ನಾಲ್ಕು ಪಂಚೆ, ಕನ್ನಡಕದ ಡಬ್ಬಿ, ಸೊಸೈಟಿ ಪಾಸ್‌ಬುಕ್ಕು, ಆಮೇಲೆ ಕೆಂಪು ರಟ್ಟಿನ ಒಂದು ಉದ್ದ ಪುಸ್ತಕ. ಸಾಲದ ಲೆಕ್ಕವೇನೋ ಅಂತ ನಮ್ಮನೆಯವ್ರು ಹೆದರಿಕೊಂಡೇ ತೆಗೆದ್ರು. ಸಾಲ ಅಲ್ಲ, ಮಳೆ. ತಾರೀಕು, ಎಷ್ಟು ಗಂಟೆಗೆ ಶುರು, ಎಷ್ಟು ಇಂಚು ಎಷ್ಟು ಸೆಂಟ್ಸು, ಗುಡುಗು ಇತ್ತಾ ಇಲ್ವಾ, ಆಲಿಕಲ್ಲು ಬಿತ್ತಾ. ಮದುವೆಯಾಗಿ ಬಂದಾಗಿಂದ ಅವರು ಬೆಳಿಗ್ಗೆ ಕಾಫಿ ಕುಡಿಯೋಕೂ ಮೊದಲು ಅಂಗಳದ ಮೂಲೆಗೆ ಹೋಗಿ ಬಗ್ಗಿ ನೋಡೋದನ್ನ ಕಂಡಿದ್ದೆ. ಆದ್ರೆ ಇಷ್ಟು ವರ್ಷದ್ದೆಲ್ಲ ಬರೆದಿಟ್ಟಿದ್ದಾರೆ ಅಂತ ಗೊತ್ತಿರ್ಲಿಲ್ಲ.

ನಮ್ಮದು ಜಾಗರ ಕಣಿವೆ. ಬಾಬಾಬುಡನ್‌ಗಿರಿ ಸಾಲು ಕುದುರೆ ಲಾಳದ ಹಾಗೆ ಬಗ್ಗಿ ನಿಂತಿದೆಯಲ್ಲ, ಅದರ ಹೊಟ್ಟೆಯೊಳಗೆ ನಾವಿರೋದು. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ, 1930 ಮೀಟರ್, ಈ ಗೋಡೆಯಲ್ಲೇ ಇದೆ. ಲಾಳದ ಬಾಯಿ ತೆರೆದಿರೋದು ಪಡುವಣ-ಬಡಗಣದ ಕಡೆಗೆ. ಆ ಬಾಯಿಯಿಂದ ಹಳ್ಳಗಳೆಲ್ಲ ಭದ್ರೆ ಕಡೆ ಹೋಗ್ತವೆ. ಬೆಟ್ಟ ಹತ್ತಿ ಮೂಡಲ ಕಡೆ ಇಳಿದ್ರೆ ಸ್ವಲ್ಪ ದೂರದಲ್ಲೇ ಕಡೂರು ಸೀಮೆಯ ಒಣ ಬಯಲು. ಒಂದೇ ಬೆಟ್ಟ, ಈ ಮೈ ಕಾಫಿ, ಆ ಮೈ ಆಚೆ ರಾಗಿ. ಈಗ ಎಲ್ಲರೂ ಭದ್ರಾ ಅಭಯಾರಣ್ಯ ಅಂತಾರಲ್ಲ, 1951ರಲ್ಲಿ ಅದಕ್ಕೆ ಮೊದಲು ಇಟ್ಟ ಹೆಸರು ನಮ್ಮ ಜಾಗರ ಕಣಿವೆಯದ್ದೇ. 1974ರಲ್ಲಿ ಅದನ್ನ ಭದ್ರಾ ಮಾಡಿದ್ರು.

ಇಲ್ಲಿಯ ಬೇಸಿಗೆ ಅಂದ್ರೆ ಜನ ತಂಪು ಅಂದ್ಕೊಂಡು ಬರ್ತಾರೆ. ಬೆಳಿಗ್ಗೆ ತಂಪೇ. ಮಾರ್ಚ್ ತಿಂಗಳಲ್ಲಿ ಏಳು ಗಂಟೆಗೆ ಸ್ವೆಟರ್ ಬೇಕು. ಹನ್ನೊಂದಕ್ಕೆ ಆಕಾಶದಲ್ಲಿ ಒಂದು ಚೂರು ಹತ್ತಿ ಇರಲ್ಲ, ಬೆಟ್ಟದ ಹುಲ್ಲು ಕಣ್ಣಿಗೆ ಹೊಡೀತದೆ. ಒಂದು ಗಂಟೆಗೆ ಗಾಳಿ ನಿಲ್ತದೆ, ಎಲೆ ಅಲ್ಲಾಡಲ್ಲ, ಅಡುಗೆಮನೆಯಲ್ಲಿ ಕೂತ್ರೆ ಬೆನ್ನ ಮೇಲೆ ಬೆವರು ಹರೀತದೆ. ಎರಡಕ್ಕೆ ಬೆಟ್ಟದ ನೆತ್ತಿ ಮೇಲೆ ಹೂಕೋಸಿನ ಹಾಗೆ ಮೋಡ ಏಳ್ತದೆ. ಮೂರಕ್ಕೆ ಅದು ಕಪ್ಪು. ಆಮೇಲೆ ನೆನಪಾಗೋದು ಅಂಗಳದಲ್ಲಿ ಒಣಗ್ತಿರೋ ಮೆಣಸು, ಕಣದಲ್ಲಿರೋ ಚೆರ್ರಿ, ಹಂಚಿನ ಮೇಲಿರೋ ಸಂಡಿಗೆ. ನಮ್ಮ ಅತ್ತೆ ಕೂಗೋರು, "ಮಳೆ ಬತ್ತದೆ ಕಣೇ, ಮೊದ್ಲು ಮೆಣಸು ಎತ್ತೆ, ಸಂಡಿಗೆ ಹಾಳಾಗ್ಲಿ!" ಸಂಡಿಗೆ ನನ್ನದು, ಮೆಣಸು ಮನೆಯದು. ಅದೂ ಸರಿಯೇ.

ಯಾಕೆ ಹಿಂಗೆ ಮಧ್ಯಾಹ್ನವೇ ಬರ್ತದೆ ಅಂತ ನನ್ನ ಮಗ ಶಾಲೆಯಲ್ಲಿದ್ದಾಗ ಕೇಳಿದ್ದ, ಆಗ ನಾನೂ ಪುಸ್ತಕ ನೋಡಿ ಕಲಿತೆ. ಬಿಸಿಲಿಗೆ ಬೆಟ್ಟದ ಇಳಿಜಾರು ಕಾದು, ಅಲ್ಲಿಯ ಗಾಳಿ ಹಗುರಾಗಿ ಬೆಟ್ಟ ಹತ್ತೋಕೆ ಶುರು ಮಾಡ್ತದೆ. ಪಡುವಣ ಸಮುದ್ರದ ಕಡೆಯ ತೇವದ ಗಾಳಿ ಇತ್ತ ಬರ್ತದೆ, ಬಯಲುಸೀಮೆಯ ಒಣಗಾಳಿ ಅತ್ತಿಂದ ಬರ್ತದೆ. ಎರಡೂ ಸೇರೋ ಕಡೆ ತೇವದ ಗಾಳಿಗೆ ಹೋಗೋಕೆ ದಾರಿ ಇರೋದು ಮೇಲಕ್ಕೆ ಮಾತ್ರ. ಮೇಲೆ ಹೋದಷ್ಟೂ ತಣ್ಣಗಾಗಿ ನೀರಾಗ್ತದೆ, ಇನ್ನೂ ಮೇಲೆ ಹೋಗಿ ಮಂಜುಗಡ್ಡೆಯಾಗ್ತದೆ. ಮೋಡದ ತಲೆ ಕೊನೆಗೆ ಕಮ್ಮಾರನ ಅಡಿಗಲ್ಲಿನ ಹಾಗೆ ಚಪ್ಪಟೆಯಾಗ್ತದೆ. ನೆಲ ಚೆನ್ನಾಗಿ ಕಾಯೋದು ಎರಡು ಮೂರು ಗಂಟೆಗೆ, ಹಂಗಾಗಿ ಮಳೆಗೂ ಅದೇ ಹೊತ್ತು. ಮಳೆಗೆ ಮೊದಲು ನುಗ್ಗೋ ತಣ್ಣನೆ ಗಾಳಿ, ಧೂಳು ತರಗೆಲೆ ಎಲ್ಲ ಹಾರಿಸ್ಕೊಂಡು ಬರ್ತದಲ್ಲ, ಅದು ಮೋಡದೊಳಗೆ ಮಳೆಯಿಂದ ತಣ್ಣಗಾಗಿ ಕೆಳಗೆ ಬಿದ್ದ ಗಾಳಿಯೇ. ಜೂನ್ ತಿಂಗಳ ಮುಂಗಾರಿಗೆ ಈ ಆಟ ಇಲ್ಲ. ಅದು ಹಗಲು ರಾತ್ರಿ ಸುರೀತದೆ, ಗುಡುಗೂ ಕಮ್ಮಿ.

ಆದ್ರೆ ಈ ಮೋಡದ ಒಂದು ಗುಣ ಪುಸ್ತಕದಲ್ಲಿ ಓದೋದಕ್ಕಿಂತ ಇಲ್ಲಿ ಬಾಳಿ ತಿಳಿಯಬೇಕು. ಮುಂಗಾರು ಇಡೀ ಜಿಲ್ಲೆಗೆ ಬರ್ತದೆ. ಇದು ಒಂದು ಗುಡ್ಡಕ್ಕೆ ಬಂದು ಇನ್ನೊಂದು ಗುಡ್ಡ ಬಿಟ್ಟು ಹೋಗ್ತದೆ. ಮೇಲಿನ ಮನೆಯಲ್ಲಿ ಹಂಚು ತೊಳೆದು ಹೋಗಿರ್ತದೆ, ಕೆಳಗಿನ ಮನೆಯವರು ಅಂಗಳಕ್ಕೆ ನೀರು ಚಿಮುಕಿಸ್ತಿರ್ತಾರೆ.

ಹಿಂದಿನವರಿಗೆ ಈ ಮಳೆ ಅಷ್ಟು ದೊಡ್ಡ ವಿಷಯ ಆಗಿರ್ಲಿಲ್ಲ. ನನ್ನ ತವರಿನ ಅಜ್ಜಿ ಮಳೆ ಎಣಿಸ್ತಿದ್ದಿದ್ದು ಅಶ್ವಿನಿಯಿಂದ, ಅಂದ್ರೆ ಏಪ್ರಿಲ್ 14ರ ಸುಮಾರಿಂದ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಹದಿಮೂರು ಹದಿನಾಲ್ಕು ದಿನಕ್ಕೆ ಒಂದೊಂದು. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಅಂತಿದ್ರು. ಅದು ಗದ್ದೆಯವರ ಲೆಕ್ಕ, ನೆಲ ಉಳೋಕೆ ಮೆತ್ತಗಾಗಬೇಕು, ಸಸಿಮಡಿಗೆ ಹದ ಬರಬೇಕು. ಅಶ್ವಿನಿಗೂ ಮೊದಲು, ಫೆಬ್ರವರಿ ಕೊನೆಯಲ್ಲೋ ಮಾರ್ಚಿನಲ್ಲೋ ಬಿದ್ದ ಮಳೆಗೆ ಅಜ್ಜಿಯ ಲೆಕ್ಕದಲ್ಲಿ ಜಾಗವೇ ಇರ್ಲಿಲ್ಲ. ಸೌದೆ ನೆನೆಸೋ ಮಳೆ ಅಂತ ಬಯ್ಯೋರು ಅಷ್ಟೇ. ಗುಡುಗಿದ್ರೆ ಅರ್ಜುನನ ಹತ್ತು ಹೆಸರು ಹೇಳ್ಕೊಂಡು, ಅಂಗಳಕ್ಕೆ ಒಂದು ಕಬ್ಬಿಣದ ಕತ್ತಿ ಎಸೆದು ಒಳಗೆ ಕೂರೋರು.

ಅದೇ ಮಳೆಗೆ ಹೂಮಳೆ ಅಂತ ಹೆಸರು ಬಂದಿದ್ದು ಕಾಫಿಯಿಂದ. ಯೆಮೆನ್‌ನಿಂದ ಬಾಬಾಬುಡನ್ ಏಳು ಬೀಜ ತಂದು ಈ ಬೆಟ್ಟದಲ್ಲಿ ಹಾಕಿದ್ರು ಅನ್ನೋ ಕಥೆ ನಿಮಗೆಲ್ಲ ಗೊತ್ತು, 1670ರ ಸುಮಾರು ಅಂತಾರೆ. ಮನೆ ಹಿತ್ತಲಿನಲ್ಲಿ ನಾಲ್ಕು ಗಿಡ ಇದ್ದಾಗ ಮಳೆ ಬಂದ್ರೂ ಸರಿ, ಬಿಟ್ರೂ ಸರಿ. 1820-30ರ ಹೊತ್ತಿಗೆ ಕ್ಯಾನನ್ ಅನ್ನೋ ದೊರೆ ಇದೇ ಬೆಟ್ಟಸಾಲಿನಲ್ಲಿ ತೋಟ ಮಾಡಿದ, ಆಮೇಲೆ ಒಬ್ಬೊಬ್ಬರಾಗಿ ದೊರೆಗಳು ಬಂದ್ರು, ಊರಿನವರೂ ಹಾಕಿದ್ರು. ಬರೀ ಕಾಫಿ ನಂಬಿ ಬದುಕೋ ಮನೆಗಳು ಹುಟ್ಟಿಕೊಂಡ ಮೇಲೆ ಆಕಾಶ ನೋಡೋ ತಿಂಗಳೇ ಬದಲಾಯ್ತು.

ಕಾಫಿ ಗಿಡದ ರೀತಿ ಹಿಂಗೆ. ಮೊಗ್ಗು ಚಳಿಗಾಲದಲ್ಲೇ ಬಂದು ಗೆಣ್ಣಿನಲ್ಲಿ ನಿದ್ದೆ ಮಾಡ್ತಿರ್ತದೆ. ಬಿಸಿಲಿನಲ್ಲಿ ಒಣಗಿ ಒಣಗಿ ಇರುವಾಗ ಒಂದು ಇಂಚು, ಒಂದೂವರೆ ಇಂಚು ಮಳೆ ಒಂದೇ ಸಲ ಬೀಳಬೇಕು. ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬಿಳಿ. ಮಲ್ಲಿಗೆಯ ಹಾಗೇ ವಾಸನೆ, ತಲೆನೋವು ಬರೋವಷ್ಟು. ಎರಡು ಮೂರು ದಿನದ ಸಂಭ್ರಮ. ಆ ದಿನಗಳಲ್ಲಿ ಮಾತ್ರ ಮತ್ತೆ ಮಳೆ ಬರಬಾರದು, ಬಂದ್ರೆ ಹೂವಿನ ಪರಾಗ ತೊಳೆದು ಹೋಗ್ತದೆ. ಆಮೇಲೆ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬೇಕು, ಅದಕ್ಕೆ ನಮ್ಮಲ್ಲಿ ಬ್ಯಾಕಿಂಗ್ ಮಳೆ ಅಂತಾರೆ. ಒಂದು ವರ್ಷದ ಅನ್ನ ಎರಡು ಮಧ್ಯಾಹ್ನದ ಮೇಲೆ ನಿಂತಿರ್ತದೆ. ಮಳೆ ಇಪ್ಪತ್ತು ಸೆಂಟ್ಸು ಬಂದು ನಿಂತ್ರೆ ಬರದೇ ಇದ್ದಿದ್ದಕ್ಕಿಂತ ಕಷ್ಟ. ಮೊಗ್ಗು ಎಚ್ಚರಾಗ್ತದೆ, ಅರಳೋಕೆ ಶಕ್ತಿ ಇರಲ್ಲ, ಅರ್ಧ ಬಾಯಿ ಬಿಟ್ಟು ಗಟ್ಟಿಯಾಗಿ ನಿಂತು ಉದುರ್ತದೆ.

ಇಂಚು ಸೆಂಟ್ಸಿನ ಲೆಕ್ಕ ದೊರೆಗಳ ತೋಟದಿಂದ ಬಂದಿದ್ದು. ನೂರು ಸೆಂಟ್ಸು ಅಂದ್ರೆ ಒಂದು ಇಂಚು, ಈಗಿನ 25 ಮಿಲಿಮೀಟರ್ ಚಿಲ್ಲರೆ. ಮೈಸೂರು ಸರ್ಕಾರದಲ್ಲಿ ಹವಾಮಾನದ ಇಲಾಖೆ ಶುರುವಾಗಿದ್ದು 1890ರ ದಶಕದಲ್ಲಿ, ಬೆಂಗಳೂರು ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅದನ್ನ ನೋಡ್ಕೊಳ್ತಿದ್ರು. ಆದ್ರೆ ತೋಟದವರಿಗೆ ಊರಿಗೊಂದು ಅಳತೆ ಸಾಲದು, ಗುಡ್ಡಕ್ಕೊಂದು ಬೇಕು. ನಮ್ಮ ಮಾವ ಮದುವೆಗೆ ಮೊದಲು ಒಂದು ದೊಡ್ಡ ಎಸ್ಟೇಟಿನಲ್ಲಿ ರೈಟ್ರಾಗಿದ್ರು. ಅಲ್ಲಿ ಕಲಿತಿದ್ದು ಈ ಅಭ್ಯಾಸ. ಕೆಲಸ ಬಿಟ್ಟು ಬರುವಾಗ ಹಳೇ ತಾಮ್ರದ ಅಳತೆ ಪಾತ್ರೆ ಒಂದನ್ನ ಕೇಳಿ ತಂದಿದ್ರಂತೆ.

ದೊರೆಗಳು ಒಂದು ದೊಡ್ಡ ತಪ್ಪೂ ಮಾಡಿದ್ರು. ಮರ ಕಡಿದು ಬಿಸಿಲು ಬಿಟ್ರೆ ಫಸಲು ಹೆಚ್ಚು ಅಂತ ನೆರಳು ತೆಗೆದುಬಿಟ್ಟ ತೋಟಗಳೂ ಇದ್ವು. 1860ರ ದಶಕದಲ್ಲಿ ಬೋರರ್ ಹುಳ ಬಂದು ಕಾಂಡ ಕೊರೆದು ಕೊಡಗು, ಮೈಸೂರು ಎರಡೂ ಕಡೆ ತೋಟ ನಾಶ ಮಾಡಿತು. ಆಮೇಲೆ ಎಲೆಗೆ ತುಕ್ಕು ರೋಗ. ಮತ್ತೆ ಮರ ನೆಟ್ರು, ಆಸ್ಟ್ರೇಲಿಯಾದ ಸಿಲ್ವರ್ ಓಕ್ ತಂದು ಹಾಕಿದ್ರು. ಉದ್ದಕ್ಕೆ ಬೆಳೆಯೋ ಮರ, ಈಗ ಸಿಡಿಲು ಹೊಡೆಯೋದೂ ಅದಕ್ಕೇ. ನಮ್ಮ ತೋಟದಲ್ಲೇ ಒಂದು ಮರಕ್ಕೆ ಹೊಡೆದು, ಅದಕ್ಕೆ ಹಬ್ಬಿಸಿದ್ದ ಮೆಣಸಿನ ಬಳ್ಳಿ ಒಂದು ವಾರಕ್ಕೆ ಕಪ್ಪಾಯ್ತು.

ಇನ್ನು ನನ್ನ ವಿಷಯ. ನಾನು ಎರಡನೇ ಪಿಯುಸಿ ಪರೀಕ್ಷೆಗೆ ಓದ್ತಿದ್ದ ವರ್ಷ. ತವರು ಇದೇ ಕಣಿವೆಯಲ್ಲಿ, ಇಲ್ಲಿಂದ ನಾಲ್ಕು ಮೈಲಿ, ನಡುವೆ ಒಂದು ಗುಡ್ಡ. ಅಪ್ಪಯ್ಯನದು ಸಣ್ಣ ಹಿಡುವಳಿ, ಎಲ್ಲ ಅರೇಬಿಕಾ. ಮಾರ್ಚ್ ಮುಗೀತಾ ಬಂದ್ರೂ ಮಳೆ ಇಲ್ಲ. ಒಂದು ಮಧ್ಯಾಹ್ನ ಮೋಡ ಕಟ್ತು, ಗುಡುಗು ಅಂದ್ರೆ ಪಾತ್ರೆ ಅಲ್ಲಾಡೋ ಗುಡುಗು. ಅಪ್ಪಯ್ಯ ಅಂಗಿ ಬಿಚ್ಚಿ ಅಂಗಳದಲ್ಲಿ ನಿಂತ್ರು. ಧೂಳು ಅಡಗೋವಷ್ಟು ಹನಿ ಹಾಕಿ ಮೋಡ ಗುಡ್ಡದಾಚೆ ಹೋಯ್ತು. ಆಚೆ ಕಡೆ ಬೆಳ್ಳಗೆ ಮಳೆಯ ಪರದೆ ಇಳಿದಿದ್ದು ನಮಗೆ ಕಾಣ್ತಿತ್ತು. ಅವ್ವ ಏನೂ ಮಾತಾಡ್ದೆ ಕಾಫಿ ಮಾಡಿ ಕೊಟ್ರು.

ಕಾಫಿ ಆಗ ಬೋರ್ಡಿನ ಪೂಲಿಗೇ ಹೋಗಬೇಕಿತ್ತು, ದುಡ್ಡು ಕಂತಿನಲ್ಲಿ ಬರೋದು. ಹೂ ಹೋದ ಸುದ್ದಿ ತೋಟದಲ್ಲಿ ಮಾರ್ಚಿಗೇ ಗೊತ್ತಾದ್ರೂ ಕೈಗೆ ತಟ್ಟೋದು ಒಂದು ವರ್ಷ ಬಿಟ್ಟು. ಪರೀಕ್ಷೆ ಪಾಸಾದೆ. ಚಿಕ್ಕಮಗಳೂರಿನಲ್ಲಿ ಡಿಗ್ರಿ ಸೇರೋ ಮಾತಿತ್ತು. ಅಪ್ಪಯ್ಯ ಅಂದ್ರು, "ಈ ವರ್ಷ ಹೂ ನಿಂತಿಲ್ಲ ಮಗ, ಮುಂದಿನ ವರ್ಷ ನೋಡಾಣ." ಅಣ್ಣನ ಹಾಸ್ಟೆಲಿಗೆ ಮಾತ್ರ ಸಾಲ ಮಾಡಿ ಕಳಿಸಿದ್ರು. ಮುಂದಿನ ವರ್ಷ ನನಗೆ ಗಂಡು ಬಂತು, ಗುಡ್ಡದಾಚೆಯ ಮನೆಯಿಂದ. ಮಳೆ ಬರಲಿಲ್ಲ ಅಂತ ನನ್ನ ಓದು ನಿಂತಿತು ಅಂತ ಎಷ್ಟೋ ವರ್ಷ ಎಲ್ಲರಿಗೂ ಹೇಳ್ತಿದ್ದೆ. ಅಣ್ಣನಿಗೆ ಬಾರದ ಬರ ನನಗೊಬ್ಬಳಿಗೆ ಹೆಂಗೆ ಬಂತು ಅಂತ ಆಗ ಕೇಳೋಕೆ ಬಾಯಿ ಇರ್ಲಿಲ್ಲ.

ಮಾವನ ಪುಸ್ತಕ ಸಿಕ್ಕಿದ ದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ವರ್ಷದ ಹಾಳೆ ಹುಡುಕಿದೆ. ಮಾರ್ಚ್ ಕೊನೆಯ ವಾರ. ಅವರ ಮುತ್ತಿನಂಥ ಅಕ್ಷರ, "ಮಧ್ಯಾಹ್ನ 3ರಿಂದ, ಗುಡುಗು ಬಹಳ, ಆಲಿಕಲ್ಲು ಸ್ವಲ್ಪ, 1 ಇಂಚು 15." ಪಕ್ಕದಲ್ಲಿ ಒಂದೇ ಮಾತು, "ಉತ್ತಮ." ಅಪ್ಪಯ್ಯ ಅಂಗಳದಲ್ಲಿ ನಿಂತು ನೋಡಿದ ಪರದೆ ಈ ಮನೆ ಮೇಲೆ ಇಳಿದಿತ್ತು. ಆ ಫಸಲಿನ ದುಡ್ಡಿನಲ್ಲೇ ಇವರು ಮನೆಗೆ ಹೊಸ ಹಂಚು ಹಾಕಿಸಿ, ಮಗನಿಗೆ ಹೆಣ್ಣು ನೋಡೋಕೆ ಹೊರಟಿದ್ದು. ಹಂಚು ಹಾಕಿಸಿದ ವರ್ಷ ಗೋಡೆ ಮೇಲೆ ಈಗಲೂ ಇದೆ. ನಗು ಬಂತೋ ಅಳು ಬಂತೋ ನನಗೇ ತಿಳೀಲಿಲ್ಲ. ನಮ್ಮನೆಯವ್ರಿಗೆ ಬೆಳಿಗ್ಗೆ ತೋರಿಸಿದೆ. ಅವರು ಓದಿ, "ಉತ್ತಮ ಅಂತ ಬರೆದಿದ್ದು ಮಳೆಗೆ" ಅಂದ್ರು. ಅವರಿಗೆ ಇಷ್ಟೇ ಗೊತ್ತಾಗೋದು.

ಈಗ ಮಳೆಗೆ ಹಂಗೆ ಯಾರೂ ಕಾಯಲ್ಲ. ಕೆಳಗಿನ ತೋಟಗಳಲ್ಲಿ ರೋಬಸ್ಟಾ ಹೆಚ್ಚಾಯ್ತು, ಫೆಬ್ರವರಿಯಲ್ಲೇ ಸ್ಪ್ರಿಂಕ್ಲರ್ ಹಾಕಿ ನೀರು ಹೊಡೀತಾರೆ. ನೀರು ಇದ್ದವರಿಗೆ ಹೂ ತಪ್ಪಲ್ಲ. ಆದ್ರೆ ಹಳ್ಳಕ್ಕೆ ಪಂಪು ಇಟ್ಟಷ್ಟೂ ಕೆಳಗಿನವರ ಗುಂಡಿ ಒಣಗ್ತದೆ. ನಮ್ಮ ಬಾವಿಯಲ್ಲಿ ಮಾರ್ಚಿಗೆ ಕೊಡ ತಳ ಮುಟ್ಟೋದು ನಾನು ಬಂದಾಗ ಕಂಡಿರ್ಲಿಲ್ಲ, ಈಗ ವರ್ಷ ವರ್ಷ ಕಾಣ್ತೀನಿ. ನಮ್ಮನೆಯವ್ರೂ ಪಂಪು ಇಟ್ಟಿದ್ದಾರೆ, ಹಂಗಾಗಿ ನಾನು ಯಾರನ್ನೂ ಬಯ್ಯೋ ಹಾಗಿಲ್ಲ. ಎತ್ತರದ ಅರೇಬಿಕಾ ತೋಟದವರಲ್ಲಿ ಎಷ್ಟೋ ಜನ ಈಗಲೂ ಮೋಡವನ್ನೇ ನೋಡ್ತಾರೆ.

ಮಳೆಯ ತಾಳವೂ ತಪ್ಪಿದೆ. 2021ರ ಜನವರಿ ಮೊದಲ ವಾರ ಸುರಿದಿದ್ದು ನೆನಪಿರಬಹುದು. ಗಿಡದಲ್ಲಿ ಹಣ್ಣು ಹಂಗೇ ಇತ್ತು, ಕಣದಲ್ಲಿ ಕಾಫಿ ಹರಡಿತ್ತು. ಹಣ್ಣು ಒಡೆದು ಉದುರ್ತು, ಅದೇ ಕೊಂಬೆಯಲ್ಲಿ ಹೂವೂ ಬಂತು. ಕುಯ್ಯೋಕೆ ಹೋದ್ರೆ ಹೂ ಉದುರ್ತದೆ, ಬಿಟ್ರೆ ಹಣ್ಣು ಹೋಗ್ತದೆ. ಟಾರ್ಪಾಲ್ ಎಳೆದೂ ಎಳೆದೂ ನನ್ನ ಭುಜ ಬಿದ್ದು ಹೋಯ್ತು. ಮಾವ ಇದ್ದಿದ್ರೆ ಆ ದಿನದ ಪಕ್ಕ ಏನು ಬರೀತಿದ್ರೋ.

ಪುಸ್ತಕದಲ್ಲಿ ಹಾಳೆ ಇನ್ನೂ ಉಳಿದಿದ್ವು. ತಾಮ್ರದ ಪಾತ್ರೆ ಹುಣಸೆಹಣ್ಣು ಹಾಕಿ ತಿಕ್ಕಿ ಅದೇ ಮೂಲೆಯಲ್ಲಿ ಇಟ್ಟಿದ್ದೀನಿ. ಬರೆಯೋದು ಈಗ ನಾನು. ಮಗ ಫೋನಿನಲ್ಲಿ ಜಿಲ್ಲೆಗೆಲ್ಲ ಗುಡುಗು ಮಳೆ ಅಂತ ತೋರಿಸ್ತಾನೆ, ಜಿಲ್ಲೆ ಎಷ್ಟು ದೊಡ್ಡದು ಅಂತ ಅವನಿಗೆ ಯಾರು ಹೇಳಬೇಕು. ಮೊನ್ನೆ ಮಧ್ಯಾಹ್ನ ಮೂರೂಕಾಲಿಗೆ ಶುರುವಾಗಿ ನಾಲ್ಕಕ್ಕೆ ನಿಂತಿತು, 65 ಸೆಂಟ್ಸು, ಆಲಿಕಲ್ಲು ಇಲ್ಲ. ಬರೆದು ಮುಗಿಸಿ ತವರಿಗೆ ಫೋನ್ ಮಾಡಿದೆ. "ಇಲ್ಲಿ ಒಂದು ಹನಿ ಇಲ್ಲ ಕಣಮ್ಮ, ಬರೀ ಗುಡುಗು" ಅಂದ್ರು ಅತ್ತಿಗೆ. ಅದನ್ನೂ ಪಕ್ಕದಲ್ಲಿ ಬರೆದೆ.