ಗಿಟಾರಿನ ಕುತ್ತಿಗೆ ಮೇಲೆ ನಮ್ಮೂರ ಬೀಟೆ

ಎಲೆಕ್ಟ್ರಿಕ್ ಗಿಟಾರ್ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಳ್ತಾ ಇದ್ದೆ. ಬರೆಯೋಕೆ ಕೂತ ಮೇಲೆ ಅದು ಯಾಕೋ ನಮ್ಮ ಹಳಿಯಾಳ, ದಾಂಡೇಲಿ ಕಾಡಿನ ಕಥೆಯಾಗಿಬಿಡ್ತು. ಎಲ್ಲಿಯ ಗಿಟಾರು, ಎಲ್ಲಿಯ ದಾಂಡೇಲಿ ಅಂತೀರಾ? ಸ್ವಲ್ಪ ತಾಳ್ಮೆಯಿಂದ ಓದಿ, ಎರಡಕ್ಕೂ ನಡುವೆ ಒಂದು ಮರ ಇದೆ.

ಮೊದಲು ನನ್ನ ಗಿಟಾರ್ ಪರಿಚಯ. ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಬೋನಸ್ ದುಡ್ಡಲ್ಲಿ ಕೊಂಡಿದ್ದು. ಇಂಡೋನೇಷ್ಯಾದಲ್ಲಿ ತಯಾರಾದದ್ದು. ಎರಡು ಸಿಂಗಲ್ ಕಾಯಿಲ್ ಪಿಕಪ್, ಸೇತುವೆಯ ಹತ್ತಿರ ಒಂದು ಹಂಬಕರ್. ಸ್ವಿಚ್ ಈ ಕಡೆ ತಳ್ಳಿದರೆ ಭಾವಗೀತೆಗೆ ಹಿನ್ನೆಲೆ ನುಡಿಸಬಹುದು, ಆ ಕಡೆ ತಳ್ಳಿದರೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿಯೋ ಹಾಗೆ ಮೆಟಲ್ ನುಡಿಸಬಹುದು. ಇವತ್ತಿನವರೆಗೂ ಕುತ್ತಿಗೆ ಬಾಗಿಲ್ಲ, ಫ್ರೆಟ್ ಎದ್ದಿಲ್ಲ, ಟ್ಯೂನಿಂಗ್ ಜಾರಿಲ್ಲ. ಗಟ್ಟಿ ಮಾಲು.

ಅದರ ಜೊತೆ ಬಂದ ಕಾಗದದಲ್ಲಿ ಬಾಡಿ ಯಾವ ಮರ, ನೆಕ್ ಯಾವ ಮರ ಅಂತೆಲ್ಲ ಇತ್ತು. ಕೊನೆಯಲ್ಲಿ "ಫ್ರೆಟ್‌ಬೋರ್ಡ್: ಇಂಡಿಯನ್ ರೋಸ್‌ವುಡ್". ಅಂದರೆ ಬೆರಳು ಒತ್ತುವ ಆ ಕಪ್ಪನೆಯ ಪಟ್ಟಿ. ನನ್ನ ಅಜ್ಜ ಅದನ್ನ ಮುಟ್ಟಿ ನೋಡಿ, ಒಂದು ಕ್ಷಣವೂ ಯೋಚಿಸದೆ ಹೇಳಿದ್ದು ಒಂದೇ ಮಾತು: "ಇದು ಶಿಸಂ ಅಲ್ಲೇನೋ?"

ಹೌದು. ರೋಸ್‌ವುಡ್ ಅಂದರೆ ನಮ್ಮ ಬೀಟೆ. ನಮ್ಮ ಕಡೆ ಮರಾಠಿ, ಕೊಂಕಣಿ ಬೆರೆತ ಬಾಯಲ್ಲಿ ಶಿಸಂ. ಸಸ್ಯಶಾಸ್ತ್ರದವರಿಗೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಬ್ರಿಟಿಷರ ಕಡತದಲ್ಲಿ ಬ್ಲ್ಯಾಕ್‌ವುಡ್. ಹಸಿಯಾಗಿ ಕೊಯ್ದಾಗ ಗುಲಾಬಿಯಂಥ ಪರಿಮಳ ಬರುತ್ತೆ, ಆ ರೋಸ್ ಬಂದದ್ದು ಹೂವಿನಿಂದಲ್ಲ, ಈ ವಾಸನೆಯಿಂದ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ.

ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಆಗ ಮುಂಬಯಿಗೆ ಬೇಕಾಗಿದ್ದದ್ದು ಮುಖ್ಯವಾಗಿ ಎರಡು ಮರ. ಹಡಗಿಗೆ ತೇಗ, ಶ್ರೀಮಂತರ ಮನೆಯ ಕುರ್ಚಿ ಮೇಜಿಗೆ ಬೀಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪಾರ್ಸಿಗಳೂ ಯುರೋಪಿನವರೂ ಮೈಮೇಲೆ ಬಿದ್ದು ಕೊಂಡ, ಮೂಲೆ ಮೂಲೆಗೂ ಬಳ್ಳಿ ಕೆತ್ತಿದ 'ಬಾಂಬೆ ಬ್ಲ್ಯಾಕ್‌ವುಡ್' ಪೀಠೋಪಕರಣ ಇವತ್ತೂ ಲಂಡನ್ನಿನ ಹರಾಜಿಗೆ ಬರುತ್ತೆ. ಅದರ ಮರ ಪಶ್ಚಿಮ ಘಟ್ಟದ ಕಾಡಿನದು.

ಆಗಿನ ನಿಯಮ ಏನು ಅಂದರೆ ತೇಗ, ಬೀಟೆ, ಶ್ರೀಗಂಧ ಮೂರೂ ರಾಜವೃಕ್ಷ. ರೈತನ ಹೊಲದ ಬದುವಿನಲ್ಲಿ ಬೆಳೆದಿದ್ದರೂ ಬಹುಮಟ್ಟಿಗೆ ಅದು ಸರ್ಕಾರದ ಸೊತ್ತು. ಅದೇ ಕಾಲದಲ್ಲಿ ಅರಣ್ಯ ಇಲಾಖೆ ಕುಮರಿ ಬೇಸಾಯಕ್ಕೂ ಕಡಿವಾಣ ಹಾಕುತ್ತ ಬಂತು. ಜೋಯಿಡಾ ಕಡೆಯ ಕುಣಬಿಗಳಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ. ಕುಮರಿ ಮಾಡಿದರೆ ಬೆಲೆಬಾಳುವ ಮರ ಸುಟ್ಟುಹೋಗುತ್ತೆ ಅನ್ನೋದು ಇಲಾಖೆಯ ವಾದ. ಬೆಲೆ ಯಾರಿಗೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ಇದರಿಂದ ಒಂದು ವಿಚಿತ್ರ ಹುಟ್ಟಿಕೊಂಡಿತು. ಬೀಟೆ ಸಸಿ ತಾನಾಗೇ ಹುಟ್ಟಿದರೆ ರೈತನಿಗೆ ಖುಷಿಗಿಂತ ಭಯ ಜಾಸ್ತಿ. ಬೆಳೆಸಿದರೆ ನಾಳೆ ಕಾಗದಪತ್ರ ಹಿಡಿದು ಓಡಾಡಬೇಕು, ಕಡಿದರೆ ಕೇಸು. ಅಜ್ಜ ಹೇಳೋ ಪ್ರಕಾರ ಸುಲಭದ ದಾರಿ ಒಂದೇ, ಸಸಿ ಮೊಣಕಾಲು ಮುಟ್ಟೋದರೊಳಗೆ ಕಿತ್ತು ಹಾಕೋದು! ಮರವನ್ನ ಕಾಪಾಡೋಕೆ ಮಾಡಿದ ಕಾನೂನು ಸಸಿಯನ್ನ ಕೊಲ್ಲಿಸ್ತು ಅಂದರೆ ನಗಬೇಕೋ ಅಳಬೇಕೋ.

ದಾಂಡೇಲಿ ಊರು ಬೆಳೆದದ್ದೇ ಈ ಮರದ ಮೇಲೆ. (ಮೊನ್ನೆ ಮೊನ್ನೆ ಬೇರೆ ತಾಲ್ಲೂಕು ಆಗೋವರೆಗೂ ಅದು ಹಳಿಯಾಳ ತಾಲ್ಲೂಕಿನಲ್ಲೇ ಇತ್ತು.) ಅಳ್ನಾವರದಿಂದ ಅಲ್ಲಿಗೆ ರೈಲು ಹಳಿ ಹಾಕಿದ್ದೇ ಮುಖ್ಯವಾಗಿ ನಾಟಾ ಸಾಗಿಸೋಕೆ. ಸರ್ಕಾರಿ ನಾಟಾ ಡಿಪೋ ಬಂತು. ಪ್ಲೈವುಡ್ ಕಾರ್ಖಾನೆ ಬಂತು, ಮುಚ್ಚಿಯೂ ಹೋಯ್ತು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾಗಿ ಬಿದಿರು ಕಾಗದವಾಗತೊಡಗಿತು. ಡಿಪೋದಲ್ಲಿ ದಿಮ್ಮಿಗಳನ್ನ ಸಾಲಾಗಿ ಜೋಡಿಸಿ, ನಂಬರ್ ಹೊಡೆದು, ಹರಾಜು ಹಾಕೋರು. ಅಜ್ಜ ಅಲ್ಲಿ ಲಾರಿಗೆ ದಿಮ್ಮಿ ಏರಿಸೋ ಕೆಲಸ ಮಾಡಿದವರು. ಅದಕ್ಕೇ ಬೆರಳಲ್ಲಿ ಮುಟ್ಟಿ ಮರದ ಜಾತಿ ಹೇಳ್ತಾರೆ.

ಈ ಹೊತ್ತಿಗೆ ಸಮುದ್ರದ ಆಚೆ ಇನ್ನೊಂದು ಕಥೆ ನಡೀತಾ ಇತ್ತು. ಅಮೆರಿಕದ ಫೆಂಡರ್ ಕಂಪನಿ 1954ರಲ್ಲಿ ಸ್ಟ್ರಾಟೋಕಾಸ್ಟರ್ ಗಿಟಾರ್ ತಂದಾಗ ಅದರ ಕುತ್ತಿಗೆ ಪೂರ್ತಿ ಮೇಪಲ್ ಮರದ್ದು. ಮೇಪಲ್ ಬೆಳ್ಳಗಿರುತ್ತೆ, ಮೇಲೆ ಲ್ಯಾಕರ್ ಬಳೀಬೇಕು. ನುಡಿಸಿ ನುಡಿಸಿ ಲ್ಯಾಕರ್ ಸವೆದರೆ ಬೆವರು, ಕೊಳೆ ಎಲ್ಲ ಎದ್ದು ಕಾಣುತ್ತೆ. 1959ರಲ್ಲಿ ಸ್ಟ್ರಾಟೋಕಾಸ್ಟರಿಗೆ ರೋಸ್‌ವುಡ್ ಪಟ್ಟಿ ಬಂತು. ಈ ಮರದೊಳಗೇ ಎಣ್ಣೆ ಅಂಶ ಇದೆ, ಬಣ್ಣ ಬಳಿಯೋದು ಬೇಡ. ಗಟ್ಟಿ, ಬೇಗ ಸವೆಯಲ್ಲ. ಮಳೆ-ಬಿಸಿಲಿಗೆ ಹೆಚ್ಚು ಹಿಗ್ಗಲ್ಲ, ಕುಗ್ಗಲ್ಲ. ಕೊಳೆ ಕಾಣಲ್ಲ :)

ಆದರೆ ಆಗ ಬಳಸುತ್ತಿದ್ದದ್ದು ನಮ್ಮ ಬೀಟೆ ಅಲ್ಲ, ಅದರ ದೊಡ್ಡಪ್ಪನ ಮಗ ಬ್ರೆಜಿಲಿಯನ್ ರೋಸ್‌ವುಡ್. ಅದನ್ನ ಕಡಿದು ಕಡಿದು ಮುಗಿಸುತ್ತ ಬಂದಾಗ 1960ರ ದಶಕದ ಕೊನೆಗೆ ಬ್ರೆಜಿಲ್ ದಿಮ್ಮಿ ರಫ್ತಿಗೆ ತಡೆ ಹಾಕಿತು. 1969ರಲ್ಲಿ ಮಾರ್ಟಿನ್ ಕಂಪನಿ ತನ್ನ ಅಕೌಸ್ಟಿಕ್ ಗಿಟಾರುಗಳಿಗೆ ಭಾರತದ ಬೀಟೆ ಬಳಸೋಕೆ ಶುರುಮಾಡ್ತು. ಎಲೆಕ್ಟ್ರಿಕ್ ಗಿಟಾರಿನವರೂ ಅದೇ ದಶಕದಲ್ಲಿ ಈ ಕಡೆ ತಿರುಗಿದರು. ಬ್ರೆಜಿಲ್ ಮರದ ವ್ಯಾಪಾರ 1992ರಲ್ಲಿ ಜಗತ್ತಿನಾದ್ಯಂತ ನಿಷಿದ್ಧವಾಯ್ತು. ಒಂದು ಕಾಡು ಬರಿದಾದ ಮೇಲೆ ಇನ್ನೊಂದು ಕಾಡಿನ ಬಾಗಿಲು ತಟ್ಟೋದು ಹಳೇ ಪದ್ಧತಿ ತಾನೇ.

ಇಲ್ಲಿ ಒಂದು ಲೆಕ್ಕ ಹಾಕೋಣ (ಇಂಜಿನಿಯರ್ ಬುದ್ಧಿ ಬಿಡಲ್ಲ). ಫ್ರೆಟ್‌ಬೋರ್ಡ್ ಸುಮಾರು 48 ಸೆಂ.ಮೀ. ಉದ್ದ, ಐದೂವರೆ ಸೆಂ.ಮೀ. ಅಗಲ, 6 ಮಿ.ಮೀ. ದಪ್ಪ. ಬೀಟೆಯ ತೂಕ ಘನ ಮೀಟರಿಗೆ ಸುಮಾರು 830 ಕಿಲೋ. ಗುಣಿಸಿದರೆ 130 ಗ್ರಾಂ ಆಸುಪಾಸು. ಒಂದು ಗಿಟಾರಿಗೆ ಒಂದು ದೊಡ್ಡ ಸೇಬಿಗಿಂತ ಕಡಿಮೆ ತೂಕದ ಮರ! ಇಷ್ಟಕ್ಕೋಸ್ಕರ ಏನೆಲ್ಲ ನಡೀತು ನೋಡಿ.

2011ರ ಆಗಸ್ಟ್ 24ರಂದು ಅಮೆರಿಕದ ಗಿಬ್ಸನ್ ಗಿಟಾರ್ ಕಾರ್ಖಾನೆಗಳ ಮೇಲೆ ಅಲ್ಲಿನ ಮೀನು ಮತ್ತು ವನ್ಯಜೀವಿ ಇಲಾಖೆ ದಾಳಿ ಮಾಡಿತು. ಹಿಡಿದದ್ದು ಭಾರತದಿಂದ ಬಂದ ಬೀಟೆ ಮತ್ತು ಕರಿಮರದ ಪಟ್ಟಿಗಳನ್ನ. ಬೇರೆ ದೇಶದ ಕಾನೂನು ಮುರಿದು ತಂದ ಮರ ಅಮೆರಿಕದಲ್ಲೂ ಅಪರಾಧ ಅನ್ನುತ್ತೆ ಅವರ ಲೇಸಿ ಕಾಯ್ದೆ. ಮುರಿದದ್ದು ಯಾವ ಕಾನೂನು? ನಮ್ಮದೇ! ನಮ್ಮ ರಫ್ತು ನಿಯಮದಲ್ಲಿ 6 ಮಿ.ಮೀ.ಗಿಂತ ದಪ್ಪದ ಕೊಯ್ದ ಹಲಗೆ ಹೊರಗೆ ಹೋಗುವ ಹಾಗಿಲ್ಲ, ಅದಕ್ಕಿಂತ ತೆಳುವಾದರೆ ಹೋಗಬಹುದು. ಗಿಟಾರಿಗೆ ಅಂತ ಕೊಯ್ದ ಪಟ್ಟಿ 10 ಮಿ.ಮೀ. ಇತ್ತು. ಅದು ಹಲಗೆಯೋ, ವಾದ್ಯದ ಬಿಡಿಭಾಗವೋ ಅನ್ನೋದೇ ಜಗಳ. 2012ರಲ್ಲಿ ಗಿಬ್ಸನ್ 3 ಲಕ್ಷ ಡಾಲರ್ ದಂಡ ಕೊಟ್ಟು ರಾಜಿ ಮಾಡಿಕೊಂಡಿತು. ಆದರೆ ಅದರಲ್ಲಿ ತಪ್ಪಾಗಿದೆ ಅಂತ ಒಪ್ಪಿದ್ದು ಮಡಗಾಸ್ಕರ್ ಮರದ ವಿಷಯ. ಭಾರತದ ಮರದ ವಿಚಾರದಲ್ಲಿ ನಿಯಮವೇ ಸ್ಪಷ್ಟವಿಲ್ಲ ಅಂತ ಅಮೆರಿಕ ಸರ್ಕಾರವೂ ಒಪ್ಪಿಕೊಂಡಿತು.

ಆಮೇಲೆ ಬಂದದ್ದು ಇನ್ನೂ ದೊಡ್ಡದು. ಚೀನಾದಲ್ಲಿ ಕೆಂಪು ಮರದ ಪೀಠೋಪಕರಣದ ಹುಚ್ಚು ಏರಿ, ಜಗತ್ತಿನ ಬೀಟೆ ಜಾತಿಗಳೆಲ್ಲ ಕೊಡಲಿಗೆ ಬೀಳ್ತಾ ಇದ್ದವು. ವನ್ಯಜೀವಿ, ಗಿಡಮರಗಳ ಅಂತರರಾಷ್ಟ್ರೀಯ ವ್ಯಾಪಾರ ನೋಡಿಕೊಳ್ಳುವ ಸೈಟಿಸ್ ಒಪ್ಪಂದದವರು 2017ರ ಜನವರಿ 2ರಿಂದ ಇಡೀ ಡಾಲ್ಬರ್ಜಿಯಾ ಕುಲವನ್ನೇ ಪಟ್ಟಿಗೆ ಸೇರಿಸಿದರು. ಕುರ್ಚಿಗೆ ಹಾಕಿದ ಬಲೆಗೆ ಗಿಟಾರೂ ಬಿತ್ತು. ಗಿಟಾರ್ ಹೊತ್ತು ವಿಮಾನ ಹತ್ತಬಹುದಿತ್ತು, ಆದರೆ ಗಡಿಯಾಚೆ ಮಾರೋಕೆ ಪರವಾನಗಿ ಬೇಕು. ವಾದ್ಯದವರೆಲ್ಲ ಗೋಳಾಡಿದ ಮೇಲೆ 2019ರ ನವೆಂಬರ್ 26ರಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಆ ಮೂರು ವರ್ಷದಲ್ಲಿ ಕಂಪನಿಗಳು ಬೇರೆ ಮರ ಹುಡುಕಿದವು. ಫೆಂಡರಿನವರ ಅಗ್ಗದ ಸ್ಕ್ವಯರ್ ಗಿಟಾರುಗಳಲ್ಲಿ 'ಇಂಡಿಯನ್ ಲಾರೆಲ್' ಅನ್ನೋ ಹೆಸರು ಕಾಣಿಸ್ತು. ಇದ್ಯಾವ ಹೊಸ ದೇವರು ಅಂತ ಹುಡುಕಿದೆ. ಟರ್ಮಿನೇಲಿಯಾ ಎಲಿಪ್ಟಿಕಾ. ಅಂದರೆ ನಮ್ಮ ಮತ್ತಿ ಮರ ಕಣ್ರೀ!

ಹಳಿಯಾಳದಿಂದ ಮುಂಡಗೋಡದವರೆಗೆ ರಸ್ತೆಯ ಎರಡೂ ಕಡೆ ನಿಂತಿರುತ್ತಲ್ಲ, ಮೊಸಳೆ ಬೆನ್ನಿನಂಥ ಒಡೆದ ತೊಗಟೆಯದು, ಅದೇ. ಮನೆಯ ತೊಲೆಗೆ, ನೇಗಿಲಿಗೆ, ಒಲೆಗೆ ಹಾಕುತ್ತಿದ್ದ ಮತ್ತಿ. ರಾಜವೃಕ್ಷದ ಪಟ್ಟಿಯಲ್ಲಿ ಎಂದೂ ಇರದ ಮತ್ತಿ ಈಗ ಬೀಟೆಯ ಜಾಗದಲ್ಲಿ ಕೂತಿದೆ. ಸ್ನೇಹಿತನ ಹತ್ತಿರ ಅಂಥದ್ದೊಂದು ಗಿಟಾರಿದೆ, ನುಡಿಸಿ ನೋಡಿದೆ. ಬೆರಳಿಗೆ ಕೊಂಚ ಒಣ ಅನ್ನಿಸುತ್ತೆ. ಕಿವಿಗೆ ವ್ಯತ್ಯಾಸ ತಿಳಿಯಲಿಲ್ಲ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಧ್ವನಿ ಹುಟ್ಟೋದು ತಂತಿ ಮತ್ತು ಪಿಕಪ್ಪಿನ ನಡುವೆ, ಪಟ್ಟಿಯ ಕೆಲಸ ಬೆರಳಿಗೆ ಆಸರೆ ಕೊಡೋದು.

ಮತ್ತೆ ನನ್ನ ಗಿಟಾರಿನ ಪಟ್ಟಿ? ಅದು ದಾಂಡೇಲಿ ಡಿಪೋದಿಂದ ಹೋದದ್ದು ಅಂದುಕೊಂಡು ಹೆಮ್ಮೆ ಪಡೋಣ ಅಂದರೆ ಅಲ್ಲೂ ಒಂದು ತಿರುವು. ಇದೇ ಜಾತಿಯ ಬೀಟೆ ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಸೊನೊಕೆಲಿಂಗ್ ಅನ್ನೋ ಹೆಸರಲ್ಲಿ ನೆಡುತೋಪಾಗಿ ಬೆಳೆಯುತ್ತೆ. ಇಂಡೋನೇಷ್ಯಾದಲ್ಲಿ ತಯಾರಾಗುವ ಗಿಟಾರುಗಳಿಗೆ ಹತ್ತಿರದ್ದು ಅದೇ. ಹೆಸರಿನಲ್ಲಿ ಮಾತ್ರ ಇಂಡಿಯಾ ಉಳಿದಿದೆ.

ಇಲ್ಲೇ ನನಗೆ ಚುಚ್ಚೋದು. ಮೈಸೂರಿನವರು ಬೀಟೆ ಹಲಗೆಯಲ್ಲಿ ಕುಸುರಿ ಕೂರಿಸಿ ಜಗತ್ತಿಗೆ ಮಾರಿದರು, ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ನಮ್ಮ ತಾಲ್ಲೂಕುಗಳು ನೂರೈವತ್ತು ವರ್ಷ ಬರೀ ದಿಮ್ಮಿ ಕೊಟ್ಟವು. ಇಲ್ಲಿ ವಾದ್ಯ ಇಲ್ಲ, ಕಿವಿ ಇಲ್ಲ ಅಂತೇನೂ ಅಲ್ಲ. ಸಿದ್ದಿಗಳ ದಮಾಮಿ ಬಾರಿಸಿದರೆ ಕೂತವರ ಕಾಲು ತಾನಾಗೇ ಕುಣಿಯುತ್ತೆ. ಮುಂಡಗೋಡದಲ್ಲಿ 1966ರಿಂದ ನೆಲೆಸಿದ ಟಿಬೆಟಿಯನ್ನರ ಹತ್ತಿರ ದ್ರಾಂಯೆನ್ ಅನ್ನೋ ಉದ್ದ ಕುತ್ತಿಗೆಯ ತಂತಿವಾದ್ಯ ಇದೆ, ನೋಡಿದರೆ ಗಿಟಾರಿನ ಹಳೇ ನೆಂಟ. ನಾನು ಮೊದಲು ಗಿಟಾರ್ ಕಂಡದ್ದೂ ಹಳಿಯಾಳದ ಚರ್ಚಿನಲ್ಲಿ, ಸಿದ್ದಿ ಹುಡುಗನೊಬ್ಬನ ಕೈಯಲ್ಲಿ. ಮರವೂ ಇತ್ತು, ಕೈಯೂ ಇತ್ತು. ಎರಡನ್ನೂ ಸೇರಿಸೋ ಒಂದು ಬಡಗಿ ಅಂಗಳ ಮಾತ್ರ ಹುಟ್ಟಲಿಲ್ಲ. ಮರ ಮುಟ್ಟೋದೇ ಅಪರಾಧ ಅನ್ನೋ ಊರಲ್ಲಿ ಮರಗೆಲಸ ಹೇಗೆ ಬೆಳೆದೀತು?

ಹಾಗಂತ ಈಗ ಕಾಡಿಗೆ ಕೊಡಲಿ ಹಿಡಿದು ನುಗ್ಗಿ ಅಂತಲ್ಲ. ಬೀಟೆ ಇವತ್ತು ಅಪಾಯದಲ್ಲಿರುವ ಮರಗಳ ಕೆಂಪು ಪಟ್ಟಿಯಲ್ಲಿದೆ. 1996ರ ಸುಪ್ರೀಂ ಕೋರ್ಟ್ ಆದೇಶದ ನಂತರ ಕೇಂದ್ರ ಒಪ್ಪಿದ ಯೋಜನೆಯಿಲ್ಲದೆ ಕಾಡಿನ ಮರ ಕಡಿಯುವಂತಿಲ್ಲ. 2000ದಿಂದ ಅಭಯಾರಣ್ಯದಲ್ಲಿ ಸತ್ತು ಬಿದ್ದ ಮರವನ್ನೂ ಎತ್ತುವಂತಿಲ್ಲ. ಕಾಳಿ ಹುಲಿ ಮೀಸಲಿನೊಳಗೆ ಉಳಿದಿರುವ ಬೀಟೆ ಅಲ್ಲೇ ಉಳಿಯಲಿ. ನಾನು ಕೇಳೋದು ಹೊಲದ ಬದುವಿನ ಬೀಟೆಯ ಬಗ್ಗೆ. ನೆಟ್ಟವನಿಗೇ ಮರ ಅಂತ ಗಟ್ಟಿಯಾಗಿ, ಸರಳವಾಗಿ ಹೇಳಿದರೆ ಜಾವಾದಲ್ಲಿ ತೋಪಾದದ್ದು ಹಳಿಯಾಳದಲ್ಲಿ ಯಾಕಾಗಬಾರದು? ಮೊಮ್ಮಗನ ಕಾಲಕ್ಕಾದರೂ ಒಂದು ಪಟ್ಟಿ ಕೊಯ್ಯಬಹುದು.

ನಿಮ್ಮ ಮನೆಯಲ್ಲಿ ಗಿಟಾರ್ ಇದ್ದರೆ ಒಮ್ಮೆ ಅದರ ಕಾಗದ ತೆಗೆದು ನೋಡಿ. ಇಂಡಿಯನ್ ರೋಸ್‌ವುಡ್ ಅಂತಿದ್ದರೆ ಬೀಟೆ ಅಂತ ಓದಿಕೊಳ್ಳಿ, ಲಾರೆಲ್ ಅಂತಿದ್ದರೆ ಮತ್ತಿ. ನಾನಂತೂ ಮುಂದಿನ ಗಿಟಾರ್ ಮತ್ತಿಯದ್ದೇ ಕೊಳ್ಳೋದು ಅಂತ ತೀರ್ಮಾನ ಮಾಡಿದೀನಿ. ಇರೋದು ಚೆನ್ನಾಗೇ ಇದೆಯಲ್ಲ, ಇನ್ನೊಂದು ಯಾಕೆ ಅಂತ ಮನೆಯಲ್ಲಿ ಕೇಳಿದರೆ ಈ ಲೇಖನ ತೋರಿಸ್ತೀನಿ :)